ಆಪ್ತ ಸಮಾಲೋಚಕಿಯನ್ನು ಕೇಳಿ: ಪ್ರೀತಿ, ಭಯ ಮತ್ತು ‘ಡಾರ್ಕ್’ ಸ್ವಭಾವ

ಮಳೆಹನಿ: ಮೇಡಂ, ಮೂರು ವರ್ಷದ ಸಂಬಂಧ. ಜಗಳವಾದರೆ ಅವರು ನಾಲ್ಕೈದು ದಿನ ಮಾತೇ ಆಡುವುದಿಲ್ಲ. ನಾನು ಅತ್ತು ಕ್ಷಮೆ ಕೇಳಿದ ಮೇಲೆ ತುಂಬಾ ಪ್ರೀತಿ. ಹೋದ ವಾರ ‘ನಿನ್ನ ಅಪ್ಪನೇ ನಿನ್ನನ್ನು ಬಿಟ್ಟು ಹೋದ, ನಾನ್ಯಾಕೆ ಇರಬೇಕು’ ಅಂದರು. ಅಪ್ಪನ ವಿಷಯ ನಾನು ಇವರೊಬ್ಬರಿಗೇ ಹೇಳಿದ್ದು. ಇದು ಅವಾಯ್ಡೆಂಟ್ ಅಟ್ಯಾಚ್‌ಮೆಂಟಾ, ಸೈಕೋಪತಿನಾ?

ಸಮಾಲೋಚಕಿ: ನೋಡದೆ ಹೆಸರು ಇಡಲಾರೆ. ಆದರೆ ಆ ಮಾತು ಓದಿ ಗಾಬರಿಯಾಯಿತು. ಅವಾಯ್ಡೆಂಟ್ ಅಟ್ಯಾಚ್‌ಮೆಂಟ್ ಅಂದರೆ ಹತ್ತಿರವಾಗಲು ಹೆದರುವುದು; ಅಂಥವರು ಜಗಳದಲ್ಲಿ ದೂರ ಸರಿಯುತ್ತಾರೆ. ಅದು ತಮ್ಮನ್ನು ಕಾಪಾಡಿಕೊಳ್ಳಲು. ಎಲ್ಲಿ ನೋಯುತ್ತದೆ ಅಂತ ಗೊತ್ತಿದ್ದೇ ಅಲ್ಲಿಗೆ ಚುಚ್ಚುವುದು ಬೇರೆ.

2002ರಲ್ಲಿ ಮನೋವಿಜ್ಞಾನಿಗಳಾದ ಪಾಲ್ಹಸ್ ಮತ್ತು ವಿಲಿಯಮ್ಸ್ ‘ಡಾರ್ಕ್ ಟ್ರಯಾಡ್’ ಅಂದದ್ದು ಮೂರು ಸ್ವಭಾವಗಳಿಗೆ: ನಾರ್ಸಿಸಿಸಂ (ತಾನೇ ದೊಡ್ಡವ ಅನ್ನುವುದು), ಮ್ಯಾಕಿಯಾವೆಲಿಯನಿಸಂ (ತನ್ನ ಲಾಭಕ್ಕೆ ಬೇರೆಯವರನ್ನು ಆಡಿಸುವುದು), ಸೈಕೋಪತಿ (ಬೇರೆಯವರ ನೋವು ತಟ್ಟದಿರುವುದು). ಇವು ಎಲ್ಲರಲ್ಲೂ ಹೆಚ್ಚು ಕಡಿಮೆ ಇರುತ್ತವೆ. ಕೊನೆಯ ಎರಡು ಜಾಸ್ತಿ ಇದ್ದವರಲ್ಲಿ ದೂರ ಸರಿಯುವ ಗುಣವೂ ಹೆಚ್ಚಾಗಿ ಕಾಣುತ್ತದೆ. ಅದಕ್ಕೇ ಹೊರಗಿನಿಂದ ನೋಡಿದರೆ ಗೊಂದಲ. ಹಾಗಂತ ದೂರ ಸರಿಯುವವರೆಲ್ಲ ಅಂಥವರಲ್ಲ.

ನೀವು ನೋಡಬೇಕಾದ್ದು ಇಷ್ಟು: ‘ಆ ಮಾತಿಂದ ನೋವಾಯಿತು’ ಅಂತ ಅವರಿಗೆ ಹೇಳಲು ಆಗುತ್ತಾ? ಹೇಳಿದರೆ ಅವರಿಗೆ ತಟ್ಟುತ್ತಾ? ಹೇಳಲು ಭಯವಿದ್ದರೆ ಅವರ ಜೊತೆ ನೀವೊಬ್ಬರೇ ಇರುವಾಗ ಆ ಮಾತು ಎತ್ತಬೇಡಿ. ನಂಬುವ ಒಬ್ಬರಿಗೆ ಇವತ್ತೇ ತಿಳಿಸಿ.

ಹೊಂಗಿರಣ: ನನ್ನ ಹುಡುಗಿ ಗಂಟೆಗೆ ಹತ್ತು ಮೆಸೇಜ್ ಮಾಡುತ್ತಾಳೆ. ನಾರ್ಸಿಸಿಸ್ಟಾ?

ಸಮಾಲೋಚಕಿ: ಅಷ್ಟರಿಂದ ಹೇಳಲಾಗದು. ಬಿಟ್ಟುಹೋಗುತ್ತೀರಿ ಅನ್ನುವ ಭಯ ಇರಬಹುದು. ಕೂತು ಮಾತಾಡಿ.

ದಾರಿಹೋಕ: ನನಗೆ ಫಾರ್ವರ್ಡ್ ಆಗಿ ಬಂದದ್ದು ಹಾಕುತ್ತಿದ್ದೇನೆ: ‘21 ದಿನ ಪೂರ್ತಿ ಮಾತು ಬಿಡಿ. ನಾರ್ಸಿಸಿಸ್ಟ್ ತಾನೇ ಓಡಿ ಬಂದು ಕಾಲಿಗೆ ಬೀಳುತ್ತಾನೆ!’

ಸಮಾಲೋಚಕಿ: ಇಂಥದ್ದನ್ನು ಇಲ್ಲಿ ಹಾಕಬೇಡಿ. ಹಿಂದೆಯೂ ಹೇಳಿದ್ದೇನೆ. ಭಯದಲ್ಲಿರುವವರಿಗೆ ಮೌನವೇ ಶಿಕ್ಷೆ. ಕೈ ಎತ್ತುವವರ ಮುಂದೆ ಈ ಪ್ರಯೋಗ ಮಾಡಿದರೆ ಪೆಟ್ಟು ಬೀಳಬಹುದು.

ದಾರಿಹೋಕ: ನನ್ನ ಗೆಳೆಯನಿಗೆ ಇದರಿಂದಲೇ ಸರಿಹೋಯಿತು.

ನೀಲಿಗರಿ: ಒಬ್ಬನಿಗೆ ಆಗಿದ್ದು ಎಲ್ಲರಿಗೂ ಔಷಧಿನಾ? ಮಳೆಹನಿ, ಸುಮ್ನೆ ಬಿಟ್ಟು ಬನ್ನಿ.

ದಾರಿಹೋಕ: ಸಂಬಂಧ ಮುರಿಯುವುದು ನಿಮಗೆ ಸುಲಭ, ಅಲ್ವಾ?

ನೀಲಿಗರಿ: ನಾಲ್ಕು ದಿನ ಅಳಿಸುವುದು ಸಂಬಂಧನಾ? ಓದಿ ಮಾತಾಡಿ.

ಕಿರುದನಿ: ಮೇಡಂ, ಚಿಕ್ಕಂದಿನಲ್ಲಿ ಪ್ರೀತಿ ಸಿಗದಿದ್ದರೆ ಹೀಗಾಗುತ್ತಾರಾ?

ಹೊಂಗಿರಣ: ಆದರೂ ನಾರ್ಸಿಸಿಸ್ಟೇ ಅಲ್ವಾ ಮೇಡಂ?

ಸಮಾಲೋಚಕಿ: ಮೇಲೆ ಹೇಳಿದ್ದೇನೆ.

ಮಳೆಹನಿ: ಹೇಳಲು ಭಯವಿದೆ ಮೇಡಂ. ಈಗಲೂ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬರೆಯುತ್ತಿದ್ದೇನೆ.

ಸಮಾಲೋಚಕಿ: ಮಳೆಹನಿ, ಇಲ್ಲಿ ಬರೆಯುವುದು ನಿಲ್ಲಿಸಿ. ನಿಮ್ಮ ಮೆಸೇಜ್ ಎಲ್ಲ ಅಳಿಸಿ. ಹೊರಗೆ ಹೋದಾಗ ನನಗೆ ನೇರವಾಗಿ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ. ಉಳಿದವರು ಜಗಳ ನಿಲ್ಲಿಸಿ.