ಇನ್‌ಡಿಸೈನ್‌ನಲ್ಲಿ ಚಿತ್ರಗಳು ಕಾಣೆ: ಅನುಭವವಿದ್ದವರು ತಿಳಿಸಿ

ಕೇಳಿದವರು, ವಿಜಯಪುರ:
ಸಿದ್ಧೇಶ್ವರ ಜಾತ್ರೆಗೆಂದು 48 ಪುಟಗಳ ಸ್ಮರಣ ಸಂಚಿಕೆಯನ್ನು ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಸಿದ್ಧಪಡಿಸಿದ್ದೇನೆ. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಬೆಳಗಾವಿಯ ಮುದ್ರಣಾಲಯಕ್ಕೆ ಒಯ್ದರೆ ಅಲ್ಲಿ 63 ಲಿಂಕ್‌ಗಳು, ಅಂದರೆ ಪುಟಕ್ಕೆ ಜೋಡಿಸಿದ ಚಿತ್ರಗಳು, ಕಾಣೆ! ಶೀರ್ಷಿಕೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲು. ಸಂಕ್ರಾಂತಿಗೆ ಹತ್ತೇ ದಿನ ಉಳಿದಿದೆ. ಏನು ಮಾಡಲಿ?

ಬೆಳಗಾವಿಯಿಂದ:
ನಿಮ್ಮ ಕೆಲಸ ಎಲ್ಲಿಯೂ ಹೋಗಿಲ್ಲ, ಗಾಬರಿಯಾಗಬೇಡಿ. ನೀವು ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಕೈ ಪಳಗಿಸಿಕೊಂಡವರು ಇರಬೇಕು. ಅಲ್ಲಿ ಇಂಪೋರ್ಟ್ ಮಾಡಿದ ಚಿತ್ರ ಸಾಮಾನ್ಯವಾಗಿ ಫೈಲಿನೊಳಗೇ ಕುಳಿತುಬಿಡುತ್ತದೆ. ಒಂದು ಫೈಲ್ ಒಯ್ದರೆ ಸಾಕು. ಇನ್‌ಡಿಸೈನ್ ಹಾಗಲ್ಲ. ಅದು ಚಿತ್ರ ಇರುವ ಜಾಗದ ವಿಳಾಸವನ್ನು ಬರೆದಿಟ್ಟುಕೊಂಡು, ಪುಟದ ಮೇಲೆ ಕಡಿಮೆ ಗುಣಮಟ್ಟದ ಒಂದು ನೆರಳನ್ನು ತೋರಿಸುತ್ತದೆ. ಲಿಂಕ್ ಕಾಣೆಯಾಗಿರುವಾಗಲೇ ಪಿಡಿಎಫ್ ಮಾಡಿದರೆ ಆ ನೆರಳೇ ಅಚ್ಚಾಗುತ್ತದೆ. ಒಮ್ಮೆ ರಾಜ್ಯೋತ್ಸವದ ಗಡಿಬಿಡಿಯಲ್ಲಿ ಎಚ್ಚರಿಕೆಯ ಸಂದೇಶವನ್ನು ಓದದೆ ಓಕೆ ಒತ್ತಿದ್ದೆ. ಒಂದು ಸಾವಿರ ಪುಸ್ತಿಕೆಗಳಲ್ಲಿ ಎಲ್ಲರ ಮುಖವೂ ಮಸುಕು. ಆ ಸಂಕಟ ನಿಮಗೆ ಬೇಡ.

ಮುದ್ರಣಾಲಯದಲ್ಲಿ ಕುಳಿತು 63 ಚಿತ್ರಗಳನ್ನು ಹುಡುಕಬೇಡಿ. ಮೂಲ ಚಿತ್ರಗಳು ನಿಮ್ಮ ಅಂಗಡಿಯಲ್ಲಿವೆ, ರಿಪೇರಿಯೂ ಅಲ್ಲಿಯೇ ಆಗಬೇಕು. ಫೈಲ್ ಮೆನುವಿನಲ್ಲಿ ಪ್ಯಾಕೇಜ್ ಎಂಬುದಿದೆ. ಪುಟಗಳು, ಚಿತ್ರಗಳು, ಫಾಂಟ್‌ಗಳು ಎಲ್ಲವನ್ನೂ ಅದು ಒಂದೇ ಫೋಲ್ಡರಿಗೆ ನಕಲು ಮಾಡುತ್ತದೆ. ಆ ಇಡೀ ಫೋಲ್ಡರ್ ಒಯ್ಯಿರಿ. ಅದಕ್ಕೂ ಮೊದಲು ಚಿತ್ರಗಳ ಪಟ್ಟಿ ತೋರಿಸುವ ಲಿಂಕ್ಸ್ ಪ್ಯಾನೆಲ್ ನೋಡಿ: ಕೆಂಪು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಚಿತ್ರ ಕಾಣೆ, ಹಳದಿ ತ್ರಿಕೋನವಿದ್ದರೆ ಚಿತ್ರ ಇದೆ, ಆದರೆ ಬದಲಾಗಿದೆ. ಹಳದಿಗೆ ಅಪ್‌ಡೇಟ್, ಕೆಂಪಿಗೆ ರೀಲಿಂಕ್, ಅಂದರೆ ಚಿತ್ರ ಈಗಿರುವ ಜಾಗವನ್ನು ಮತ್ತೆ ತೋರಿಸಿಕೊಡುವುದು. ರೀಲಿಂಕ್ ಕಿಟಕಿಯಲ್ಲಿ ಅದೇ ಫೋಲ್ಡರಿನಲ್ಲಿ ಉಳಿದ ಲಿಂಕ್‌ಗಳನ್ನೂ ಹುಡುಕುವಂತೆ ಹೇಳುವ ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಅದೇ ಹೆಸರಿನಲ್ಲಿರುವ ಚಿತ್ರಗಳೆಲ್ಲ ಒಮ್ಮೆಗೇ ಸಿಗುತ್ತವೆ.

ಬಾಗಲಕೋಟೆಯಿಂದ:
ಅಣ್ಣನವರು ಹೇಳಿದ್ದು ಸರಿ. ಶೀರ್ಷಿಕೆಯ ಗೋಜಲಿನ ಬಗ್ಗೆ ನಾನು ಹೇಳುತ್ತೇನೆ. ನೀವು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟ್ ಬಳಸಿರಬೇಕು. ಅದು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿಕೊಂಡಿದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷೇ ಕಾಣುತ್ತದೆ. ಪಠ್ಯ ಕೆಟ್ಟಿಲ್ಲ, ಮತ್ತೆ ಟೈಪ್ ಮಾಡಲು ಹೋಗಬೇಡಿ. ಪ್ಯಾಕೇಜ್ ಮಾಡಿದಾಗ ಬರುವ ಡಾಕ್ಯುಮೆಂಟ್ ಫಾಂಟ್ಸ್ ಫೋಲ್ಡರ್ ಇನ್‌ಡಿಸೈನ್ ಫೈಲಿನ ಪಕ್ಕದಲ್ಲಿಯೇ ಇದ್ದರೆ ಸಾಕು, ಅದು ತಾನೇ ಓದಿಕೊಳ್ಳುತ್ತದೆ.

ಇನ್ನೊಂದು ಮಾತು. ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ಹೆಸರೂ ಬದಲಾಗುತ್ತದೆ. ಹೆಸರು ಬದಲಾದ ಚಿತ್ರವನ್ನು ಇನ್‌ಡಿಸೈನ್ ಗುರುತಿಸುವುದಿಲ್ಲ.

ಕೇಳಿದವರು, ವಿಜಯಪುರ:
ಇಬ್ಬರಿಗೂ ಮನಸಾರೆ ನಮಸ್ಕಾರ. ಪ್ಯಾಕೇಜ್ ಮಾಡಲು ಹೋದಾಗ ನನ್ನ ಕಂಪ್ಯೂಟರಿನಲ್ಲಿಯೇ ನಾಲ್ಕು ಚಿತ್ರಗಳು ಕಾಣೆ ಎಂದು ಬಂತು! ಜಾತ್ರಾ ಸಮಿತಿಯವರು ತಂದಿದ್ದ ಪೆನ್‌ಡ್ರೈವ್‌ನಿಂದಲೇ ನೇರವಾಗಿ ಪುಟಕ್ಕೆ ಎಳೆದು ಹಾಕಿದವು ಅವು. ಪೆನ್‌ಡ್ರೈವ್ ಅವರೊಂದಿಗೆ ಹೋಗಿತ್ತು, ನಾನು ಇಷ್ಟು ದಿನ ನೋಡುತ್ತಿದ್ದದ್ದು ನೆರಳನ್ನು. ಅವರಿಂದ ಮತ್ತೆ ತರಿಸಿ, ಮೊದಲು ಫೋಲ್ಡರಿಗೆ ನಕಲಿಸಿ, ಆಮೇಲೆ ರೀಲಿಂಕ್ ಮಾಡಿದೆ. ಈಗ ಪ್ಯಾನೆಲ್‌ನಲ್ಲಿ ಒಂದೂ ಕೆಂಪು ಗುರುತಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೊರಡುತ್ತೇನೆ.