ನೀಲಿ ಫ್ಯೂಸು, ಬೆಳ್ಳಿ ಕಾಗದ ಮತ್ತು ನಮ್ಮ ದೊಡ್ಡಪ್ಪ

ಶನಿವಾರ ಸಂಜೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಹೂವಿನ ಚಿತ್ರ, ಸ್ಟಿಕ್ಕರ್ ಎಲ್ಲ ತೆಗೆದಿದ್ದೇನೆ. ದೊಡ್ಡಪ್ಪನನ್ನು ಕೇಳಿಯೇ ಹಾಕುತ್ತಿದ್ದೇನೆ. "ಹಾಕು, ಆದರೆ ನಾನು ಹೇಳಿದ್ದೂ ಪೂರ್ತಿ ಇರಲಿ" ಅಂದರು. ಇದೆ.

ನಾನು: ನಾಳೆ ಬೆಳಗ್ಗೆ 5ಕ್ಕೆ ಹಾಸನದಿಂದ ಧರ್ಮಸ್ಥಳಕ್ಕೆ ಹೊರಡಬೇಕು. ಕಾರಿನ ಚಾರ್ಜರ್ ಸಾಕೆಟ್ ಸತ್ತಿದೆ. ಇದೇ ಚಾರ್ಜರ್ ಪಕ್ಕದ ಮನೆಯವರ ಕಾರಿನಲ್ಲಿ ಕೆಲಸ ಮಾಡುತ್ತದೆ. ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಸಾಕೆಟ್ಟೇ ಬದಲಿಸಬೇಕು, ಎರಡು ದಿನ ಬಿಡಿ ಅಂದರು. ನೋಡದೆಯೇ!

ಪ್ರಶಾಂತ: ಪವರ್ ಬ್ಯಾಂಕ್ ತಗೊಂಡು ಹೋಗು ಅಕ್ಕ. ಮುಗೀತು.

ನಾನು: ಅದು ಮಗಳ ಹಾಸ್ಟೆಲ್‌ನಲ್ಲಿದೆ. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹುಡುಕಿ ಹುಡುಕಿ ನನ್ನ ಫೋನ್ ಗುಂಡ್ಯ ದಾಟುವುದರೊಳಗೆ ಸಾಯುತ್ತದೆ.

ದೊಡ್ಡಪ್ಪ: [ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ]
ಸುಮಾ, ಇದನ್ನು ನೋಡು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಫ್ಯೂಸಿನ ಕಾಲುಗಳಿಗೆ ಸುತ್ತಿ ಒತ್ತಿದರೆ ಆಯಿತು. ಎರಡು ನಿಮಿಷದ ಕೆಲಸ. ಸುಮ್ನೆ ದುಡ್ಡು ಕೊಡಬೇಡ.

ಗಿರೀಶ: ದೊಡ್ಡಪ್ಪ, ದಯವಿಟ್ಟು ಅದನ್ನು ಡಿಲೀಟ್ ಮಾಡಿ.

ದೊಡ್ಡಪ್ಪ: ಯಾಕೆ?

ಗಿರೀಶ: ಕಾರಿಗೆ ಬೆಂಕಿ ಬೀಳುತ್ತದೆ, ಅದಕ್ಕೆ.

ದೊಡ್ಡಪ್ಪ: ಕೆಇಬಿಯಲ್ಲಿ 32 ವರ್ಷ ಫ್ಯೂಸ್ ಕಟ್ಟಿದವನು ನಾನು. ಮಳೆಯಲ್ಲಿ, ಕಂಬದ ಮೇಲೆ. ಮನೆಯ ಕಿಟ್‌ಕ್ಯಾಟ್ ಫ್ಯೂಸ್ ಹೋದರೆ ತಾಮ್ರದ ಎಳೆ ಕಟ್ಟುವುದಿಲ್ವಾ? ಬೆಂಕಿ ಬಿತ್ತಾ? ನೀನು ಲ್ಯಾಪ್‌ಟಾಪಿನಲ್ಲಿ ಕಾರು ರಿಪೇರಿ ಮಾಡುವವನು.

ವನಜ ಚಿಕ್ಕಮ್ಮ: ಜಗಳ ಬೇಡಪ್ಪ. ಸುಮಾ, ಮುಡಿಪಿನ ದುಡ್ಡು ಮರೀಬೇಡ.

ಗಿರೀಶ: ಕಿಟ್‌ಕ್ಯಾಟ್‌ಗೆ ನೀವು ಕಟ್ಟುತ್ತಿದ್ದದ್ದು ಅಳತೆಯ ಎಳೆ ದೊಡ್ಡಪ್ಪ. ಇಷ್ಟು ಆಂಪಿಯರ್‌ಗೆ ಇಷ್ಟು ದಪ್ಪ ಅಂತ. ಬೆಳ್ಳಿ ಕಾಗದಕ್ಕೆ ಯಾವ ಅಳತೆ? ಒಂದು ಸುತ್ತಿಗೆ ಎಷ್ಟು, ನಾಲ್ಕು ಸುತ್ತಿಗೆ ಎಷ್ಟು? ಇನ್ನೊಂದು ಮಾತು. ಕೆಳಗಿನ ಮನೆಯವರು ಪಂಪ್‌ಸೆಟ್ ಫ್ಯೂಸಿಗೆ ದಪ್ಪ ತಂತಿ ಕಟ್ಟಿ ಮೋಟಾರ್ ಸುಟ್ಟುಕೊಂಡಾಗ ಅವರನ್ನು ಬೈದವರು ಯಾರು? ನಾನು ಅಲ್ಲೇ ಇದ್ದೆ.

ದೊಡ್ಡಪ್ಪ: ಅದು ಬೇರೆ. ಅದು ಮೂರು ಫೇಸು. ಇದು ಬರೀ 12 ವೋಲ್ಟು. ಮುಟ್ಟಿದರೆ ಜುಮ್ ಅನ್ನುವುದೂ ಇಲ್ಲ.

ಗಿರೀಶ: ಮುಟ್ಟಿದರೆ ಏನೂ ಆಗಲ್ಲ, ಒಪ್ಪಿದೆ. ಆದರೆ ಅದೇ ಬ್ಯಾಟರಿ ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಜಾಸ್ತಿ ಆಂಪಿಯರ್ ಕೊಡುತ್ತದೆ. ಶಾರ್ಟ್ ಆದ ವೈರಿಗೂ ಅಷ್ಟೇ ಧಾರಾಳವಾಗಿ ಕೊಡುತ್ತದೆ. ಆ ವೈರು ಇರುವುದು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಿಂದೆ. ಹೊಗೆ ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ.

ನಾನು: ನನಗೆ ಈಗ ಏನು ಮಾಡಬೇಕು ಹೇಳಿ.

ಗಿರೀಶ: ಕೀ ತೆಗಿ. ಸ್ಟೀರಿಂಗ್ ಕೆಳಗೆ, ಬಲ ಮೊಣಕಾಲಿನ ಹತ್ತಿರ ಒಂದು ಮುಚ್ಚಳ ಇದೆಯಾ ನೋಡು. ಮುಚ್ಚಳದ ಹಿಂಬದಿಯಲ್ಲೋ ಕಾರಿನ ಪುಸ್ತಕದಲ್ಲೋ ನಕ್ಷೆ ಇರುತ್ತದೆ.

ನಾನು: ಸಿಕ್ಕಿತು. "ಸಿಗಾರ್, 15" ಅಂತ ಒಂದಿದೆ. ನಮ್ಮಲ್ಲಿ ಯಾರೂ ಸೇದಲ್ಲ!

ಗಿರೀಶ: ಅದೇ. ಮೊದಲು ಆ ತೂತು ಸಿಗರೇಟ್ ಹಚ್ಚುವುದಕ್ಕೇ ಇದ್ದದ್ದು. ಹೆಸರು ಹಾಗೇ ಉಳಿದಿದೆ. ಪೆಟ್ಟಿಗೆಯಲ್ಲೇ ಪ್ಲಾಸ್ಟಿಕ್ ಚಿಮಟ ಇರಬಹುದು, ಅದರಲ್ಲಿ ಎಳಿ. ಬೆಳಕಿಗೆ ಹಿಡಿದು ನೋಡು, ಒಳಗಿನ ಬಳೆಯಂಥ ಲೋಹದ ಎಳೆ ತುಂಡಾಗಿದೆಯಾ?

ನಾನು: ತುಂಡಾಗಿದೆ. ನೀಲಿ ಬಣ್ಣದ್ದು. ಪಕ್ಕದಲ್ಲಿ ಸ್ಪೇರ್ ಒಂದು ನೀಲಿ ಇದೆ, ಹಾಕಲಾ?

ಗಿರೀಶ: ಹಾಕು, 15ರ ಜಾಗಕ್ಕೆ 15. ಚಾರ್ಜರ್ ಚುಚ್ಚದೆ ಕೀ ತಿರುಗಿಸು.

(ಇಲ್ಲಿ ಏಳು ನಿಮಿಷ ಯಾರೂ ಮಾತಾಡಲಿಲ್ಲ. ಮಾತಾಡದೆ ಇರುವುದು ನಮ್ಮ ಗುಂಪಿನಲ್ಲಿ ಅಪರೂಪ.)

ನಾನು: ಕೀ ತಿರುಗಿಸಿದ ತಕ್ಷಣ ಟಪ್ ಅಂತು. ಅದೂ ಹೋಯಿತು.

ದೊಡ್ಡಪ್ಪ: ನೋಡಿದೆಯಾ? ಈಗಿನ ಫ್ಯೂಸುಗಳೇ ಡಮ್ಮಿ. ಬೆಳ್ಳಿ ಕಾಗದ ಹಾಕಿದ್ದರೆ ಹೋಗುತ್ತಿರಲಿಲ್ಲ.

ಗಿರೀಶ: ಹೌದು, ಹೋಗುತ್ತಿರಲಿಲ್ಲ. ವೈರು ಹೋಗುತ್ತಿತ್ತು. ಏನೂ ಚುಚ್ಚದೆ ಇದ್ದರೂ ಫ್ಯೂಸ್ ಹಾರಿದೆ ಅಂದರೆ ಶಾರ್ಟ್ ಇನ್ನೂ ಒಳಗೇ ಇದೆ ದೊಡ್ಡಪ್ಪ. ಫ್ಯೂಸು ತನ್ನ ಕೆಲಸ ಮಾಡಿದೆ, ಅದಕ್ಕೆ ಬೈತಾ ಇದ್ದೀರಿ.

ದೊಡ್ಡಪ್ಪ: ಸರಿ, ಕಾಗದ ಬೇಡ. ಹಳದಿ ಹಾಕು, 20ರದ್ದು. ಸ್ವಲ್ಪ ತಡೆಯುತ್ತದೆ.

ಗಿರೀಶ: ಶಾರ್ಟಿಗೆ 15 ಆದರೇನು, 20 ಆದರೇನು? ಅಕ್ಕ, ಸಾಕೆಟ್ ಮೇಲೆ ಏನು ಬರೆದಿದೆ?

ನಾನು: 12 ವೋಲ್ಟ್, 120 ವ್ಯಾಟ್.

ಗಿರೀಶ: ಭಾಗಿಸಿ ದೊಡ್ಡಪ್ಪ, 10 ಆಂಪಿಯರ್. ಅದಕ್ಕೆ 15ರ ಕಾವಲು ಇಟ್ಟಿದ್ದಾರೆ. ಕಾವಲುಗಾರ ಪದೇ ಪದೇ ಕೂಗಿದರೆ ಕಳ್ಳನನ್ನು ಹುಡುಕಬೇಕು, ನಿದ್ದೆ ಮಾಡುವ ಕಾವಲುಗಾರನನ್ನು ತರುವುದಲ್ಲ.

ಪ್ರಶಾಂತ: ಗಿರೀಶಣ್ಣ ಇವತ್ತು ಫಾರ್ಮಲ್ಲಿದ್ದಾರೆ.

ಗಿರೀಶ: ಅಕ್ಕ, ಫ್ಯೂಸಿನ ಜಾಗ ಖಾಲಿ ಇರಲಿ, ಕೀ ಹೊರಗಿರಲಿ. ಸಾಕೆಟ್ ಒಳಗೆ ಟಾರ್ಚ್ ಬಿಡು. ಅಗ್ಗದ ಚಾರ್ಜರಿನ ಮೂತಿ ಕಳಚಿ ಸ್ಪ್ರಿಂಗ್ ಒಳಗೇ ಉಳಿಯುವುದುಂಟು. ನಡುವಿನ ಗುಂಡಿ ಪ್ಲಸ್, ಸುತ್ತಲಿನ ಗೋಡೆ ಮೈನಸ್. ಎರಡನ್ನೂ ಮುಟ್ಟುವ ಯಾವ ಲೋಹ ಬಿದ್ದರೂ ಕಥೆ ಇಷ್ಟೇ.

ನಾನು: ಏನೋ ಹೊಳೆಯುತ್ತಿದೆ. ಓರೆಯಾಗಿ ಕೂತಿದೆ. ಸ್ಟೀಲ್ ಚಿಮಟ ಹಾಕಲಾ?

ಗಿರೀಶ: ಫ್ಯೂಸ್ ತೆಗೆದಿದ್ದೀಯಲ್ಲ, ಅಪಾಯ ಇಲ್ಲ. ಆದರೂ ಲೋಹ ಬೇಡ, ಕಡ್ಡಿ ತಗೋ.

ನಾನು: ಊದುಬತ್ತಿ ಕಡ್ಡಿಗೆ ಎರಡೂ ಕಡೆ ಅಂಟುವ ಟೇಪ್ ಸುತ್ತಿ ಎತ್ತಿದೆ. [ಫೋಟೋ] ಒಂದು ರೂಪಾಯಿ! ಹೊಸ ಚಿಕ್ಕ ನಾಣ್ಯ. ಅಂಚು ಕಪ್ಪಾಗಿದೆ.

ವನಜ ಚಿಕ್ಕಮ್ಮ: ಅಯ್ಯೋ! ಅದು ನಾನು ಕೊಟ್ಟ ಮುಡಿಪು! ಹನ್ನೊಂದು ರೂಪಾಯಿ ಬಟ್ಟೆಗೆ ಕಟ್ಟಿಡು ಅಂದಿದ್ದೆ. ಗೇರ್ ಮುಂದಿನ ತಟ್ಟೆಯಲ್ಲಿ ಸುರಿದುಕೊಂಡಿದ್ದೀಯಾ?

ನಾನು: ತಟ್ಟೆಯಲ್ಲಿ ಹತ್ತರ ನಾಣ್ಯ ಮಾತ್ರ ಇತ್ತು. ಒಂದು ಎಲ್ಲಿ ಹೋಯಿತು ಅಂತ ಮೂರು ದಿನದಿಂದ ಹುಡುಕುತ್ತಿದ್ದೆ ಚಿಕ್ಕಮ್ಮ.

ಪ್ರಶಾಂತ: ಸಾಕೆಟ್ ಹುಂಡಿಗೆ ಬಿದ್ದಿದೆ.

ನಾನು: ಬಸ್ ಸ್ಟ್ಯಾಂಡ್ ಹತ್ತಿರದ ಆಟೋ ಎಲೆಕ್ಟ್ರಿಕಲ್ ಅಂಗಡಿಯಿಂದ ಮೂರು ನೀಲಿ ಫ್ಯೂಸ್ ತಂದೆ. ಒಂದು ಹಾಕಿದೆ. ಫೋನ್ ಚಾರ್ಜ್ ಆಗುತ್ತಿದೆ!! ಅಂಗಡಿಯವರು ಸಾಕೆಟ್ಟಿಗೊಂದು ಮುಚ್ಚಳ ಹಾಕಿಸಿ ಅಂದರು.

ವನಜ ಚಿಕ್ಕಮ್ಮ: ಸುಟ್ಟ ನಾಣ್ಯ ಹಾಗೇ ಹಾಕಬೇಡ. ಹುಣಸೆಹಣ್ಣಲ್ಲಿ ತೊಳಿ. ಜೊತೆಗೆ ತಪ್ಪುಕಾಣಿಕೆ ಅಂತ ಇನ್ನೊಂದು ಸೇರಿಸಿ ಹಾಕು.

ದೊಡ್ಡಪ್ಪ: ನಾನು ಹೇಳಿದ್ದು ತುರ್ತಿಗೆ. ಮಧ್ಯರಾತ್ರಿ ಘಾಟಿಯಲ್ಲಿ ಹೆಡ್‌ಲೈಟ್ ಫ್ಯೂಸ್ ಹೋದರೆ ಅಂಗಡಿ ಎಲ್ಲಿ ಹುಡುಕುತ್ತೀಯ ಗಿರೀಶ?

ಗಿರೀಶ: ಅದು ಒಳ್ಳೆ ಪ್ರಶ್ನೆ ದೊಡ್ಡಪ್ಪ. ಸದ್ಯಕ್ಕೆ ಬೇಡದ ಯಾವುದಾದರೂ ಜಾಗದಿಂದ ಅದೇ ನಂಬರಿನ ಫ್ಯೂಸ್ ಎರವಲು ತೆಗೆದು ಹಾಕಬೇಕು. ಹಿಂದಿನ ವೈಪರಿಂದೋ, ಈ ಸಿಗಾರಿಂದೋ. ಬ್ರೇಕು, ಏರ್‌ಬ್ಯಾಗ್ ಫ್ಯೂಸುಗಳ ತಂಟೆಗೆ ಹೋಗಬಾರದು ಅಷ್ಟೇ.

ದೊಡ್ಡಪ್ಪ: ಹೂಂ. ಸುಮಾ, ಮೂರು ತಂದೆ ಅಂದೆಯಲ್ಲ. ಉಳಿದ ಎರಡರಲ್ಲಿ ಒಂದು ನನಗೆ ಎತ್ತಿಡು.

ಗಿರೀಶ: ದೊಡ್ಡಪ್ಪ, ನಿಮ್ಮ ಕಾರಿನಲ್ಲಿ ಆ ಜಾಗದಲ್ಲಿ ಈಗ ಏನಿದೆ?

("ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ" ಅಂತ ಬಹಳ ಹೊತ್ತು ತೋರಿಸಿತು. ಆಮೇಲೆ ಅದೂ ನಿಂತಿತು. ವಿಡಿಯೋ ಇದ್ದ ಜಾಗದಲ್ಲಿ ಈಗ "ಈ ಸಂದೇಶವನ್ನು ಅಳಿಸಲಾಗಿದೆ" ಅಂತಿದೆ.)