ಮಗ ಮನಸ್ಸಿಟ್ಟು ನೋಡ್ತಾನಾ ಇಲ್ವಾ ಅಂತ ಇಇಜಿಯಲ್ಲಿ ಗೊತ್ತಾಗ್ತದಾ?

ಪ್ರಶ್ನೆ (ತಾಯಿ, ಸಂತೆಕಟ್ಟೆ, ಉಡುಪಿ): ನಮಸ್ಕಾರ. ಮಗನಿಗೆ 9 ವರ್ಷ. ಶಾಲೆಯಲ್ಲಿ ಒಮ್ಮೆ ತಲೆ ತಿರುಗಿ ಬಿದ್ದ, ಡಾಕ್ಟ್ರು ಇಇಜಿ (ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಟೆಸ್ಟ್) ಬರೆದುಕೊಟ್ರು. ರಿಪೋರ್ಟ್ ನಾರ್ಮಲ್. ಅಲ್ಲಿ ಅವನು ಕಣ್ಣು ಮುಚ್ಚಿ ತೆರೆಯುವಾಗ ಸ್ಕ್ರೀನಿನ ಗೆರೆಗಳೇ ಬದಲಾಗ್ತಿದ್ದವು. ಈಗ ಒಂದು ಕಡೆಯವರು, "ಬ್ರೈನ್ ಮ್ಯಾಪಿಂಗ್ ಮಾಡಿಸಿ, ಏಕಾಗ್ರತೆ ಎಷ್ಟುಂಟು ಅಂತ ಹೇಳ್ತೇವೆ" ಅಂತಾರೆ. ಅವನ ಕಣ್ಣು ಪುಸ್ತಕದ ಮೇಲೆ, ಮನಸ್ಸು ಎಲ್ಲೋ. ಅದು ಗೆರೆಯಲ್ಲಿ ಸಿಗ್ತದಾ?

ಉತ್ತರ (ಇಇಜಿ ಟೆಕ್ನಿಷಿಯನ್, ಮಂಗಳೂರು): ಅಕ್ಕ, ನೀವು ಕಂಡದ್ದು ಸರಿ. ಕಣ್ಣು ಮುಚ್ಚಿ ಸುಮ್ಮನೆ ಮಲಗಿದಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಬರ್ತದೆ. ಅದಕ್ಕೆ ಆಲ್ಫಾ ಅಂತ ಹೆಸರು. ಕಣ್ಣು ಬಿಟ್ಟ ಕೂಡಲೇ ಅದು ಚಪ್ಪಟೆಯಾಗ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಇಇಜಿ ಬಗ್ಗೆ 1929ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಈ ಅಲೆಯನ್ನು ಗುರುತಿಸಿದವರೂ ಅವರೇ.

ಕಣ್ಣು ತೆರೆದೇ ಇದ್ದರೂ ಗಮನ ಬದಲಾದರೆ ವಿದ್ಯುತ್ತು ಬದಲಾಗ್ತದೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ್ನು ನೋಡಿ. ಕಣ್ಣು ಟಿಕೆಟಿನ ಮೇಲೆ, ಗಮನ ಎಡಗಡೆ ಫುಟ್‌ಬೋರ್ಡಿನಲ್ಲಿ ನಿಂತವನ ಮೇಲೆ. ಹೀಗೆ ಕಣ್ಣು ನಡುವೆಯೇ ಇಟ್ಟು ಗಮನ ಮಾತ್ರ ಎಡಕ್ಕೆ ಹರಿಸಿದರೆ ಮೆದುಳಿನ ಬಲಭಾಗದ ಹಿಂದೆ ಆಲ್ಫಾ ತಗ್ಗುತ್ತದೆ, ಯಾಕೆಂದರೆ ಎಡಗಡೆಯ ನೋಟವನ್ನು ಬಲ ಮೆದುಳು ನೋಡಿಕೊಳ್ತದೆ. ಗಮನ ಇಟ್ಟ ಜಾಗದಲ್ಲೇ ಏನಾದರೂ ಕಾಣಿಸಿಕೊಂಡರೆ ಸುಮಾರು 100 ಮಿಲಿಸೆಕೆಂಡಿಗೆ ಏಳುವ ಅಲೆ ದೊಡ್ಡದಾಗ್ತದೆ. ಅದಕ್ಕೆ ಪಿ1 ಅಂತೇವೆ. ಹಲವು ವಸ್ತುಗಳ ನಡುವೆ ಬೇಕಾದ ಒಂದನ್ನು ಹೆಕ್ಕುವಾಗ 200ರಿಂದ 300 ಮಿಲಿಸೆಕೆಂಡಿನ ಒಳಗೆ, ವಸ್ತು ಇರುವ ಬದಿಗೆ ಎದುರು ಬದಿಯಲ್ಲಿ ಇನ್ನೊಂದು ಬದಲಾವಣೆ ಕಾಣ್ತದೆ. ಕಾಯುತ್ತಿದ್ದದ್ದು ಅಪರೂಪಕ್ಕೆ ಬಂದರೆ 300 ಮಿಲಿಸೆಕೆಂಡಿನ ಆಚೆಗೆ ಪಿ300 ಅನ್ನುವ ಅಲೆ ಏಳ್ತದೆ. ಕಣ್ಣ ರೆಪ್ಪೆ ಮುಚ್ಚಿ ತೆರೆಯುವ ಹೊತ್ತಿನೊಳಗೆ ಇಷ್ಟೆಲ್ಲ ನಡೆದುಹೋಗ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಆದರೆ ಈ ವ್ಯತ್ಯಾಸ ಕೆಲವೇ ಮೈಕ್ರೋವೋಲ್ಟ್ ಮಾತ್ರ. ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೋವೋಲ್ಟ್. ಮಗು ಒಮ್ಮೆ ರೆಪ್ಪೆ ಬಡಿದರೆ ನೂರು ಮೈಕ್ರೋವೋಲ್ಟಿನಷ್ಟು ಎದ್ದುಬಿಡ್ತದೆ, ಹಲ್ಲು ಕಚ್ಚಿದರೆ ಗೆರೆಯೆಲ್ಲ ಕಪ್ಪು. ತಲೆಗೆ ತೆಂಗಿನೆಣ್ಣೆ ಹಾಕಿಕೊಂಡು ಬಂದರೂ ಸಾಕು, ಪೇಸ್ಟ್ ನಿಲ್ಲುವುದಿಲ್ಲ, ತಂತಿ ಜಾರ್ತದೆ. ಅದಕ್ಕೇ ಒಂದೇ ಚಿತ್ರವನ್ನು ಹತ್ತಾರು, ಕೆಲವೊಮ್ಮೆ ನೂರಾರು ಸಲ ತೋರಿಸಿ, ಎಲ್ಲದರ ಸರಾಸರಿ ತೆಗೆದ ಮೇಲಷ್ಟೇ ಆ ಅಲೆ ಮೇಲೆ ಬರುವುದು. ಒಂದು ಸಲದ ಗೆರೆ ನೋಡಿ "ಈ ಹುಡುಗನ ಏಕಾಗ್ರತೆ ಇಷ್ಟು" ಅಂತ ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಡಬೇಡಿ ಅಕ್ಕ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್): ಸರ್, ನಮ್ಮ ಪ್ರಾಜೆಕ್ಟಿನಲ್ಲಿ ಎರಡು ಎಲ್‌ಇಡಿ ಉಂಟು, ಒಂದು ಸೆಕೆಂಡಿಗೆ 10 ಸಲ, ಇನ್ನೊಂದು 12 ಸಲ ಮಿನುಗುತ್ತದೆ. ಯಾವುದಕ್ಕೆ ಗಮನ ಕೊಟ್ಟರು ಅಂತ ಇಇಜಿಯಿಂದ ಹಿಡಿಯಬಹುದಾ?

ಉತ್ತರ: ಹಿಡಿಯಬಹುದು. ಮಿನುಗುವ ಲಯವೇ ತಲೆಯ ಹಿಂಭಾಗದಲ್ಲಿ ಕಾಣ್ತದೆ, ಗಮನ ಕೊಟ್ಟ ದೀಪದ್ದು ಜೋರಾಗ್ತದೆ. ಆದರೆ ನಿಮ್ಮ ಎರಡೂ ಲಯ ಆಲ್ಫಾದ ಒಳಗೇ ಬರ್ತವೆ. ಕೂತವರಿಗೆ ತೂಕಡಿಕೆ ಬಂದು ಕಣ್ಣು ಮುಚ್ಚಿದರೆ ಯಂತ್ರ ಮೋಸ ಹೋಗ್ತದೆ. ಮಿನುಗುವ ಲಯದ ಎರಡರಷ್ಟು, ಅಂದರೆ ಸೆಕೆಂಡಿಗೆ 20ರಲ್ಲಿ, 24ರಲ್ಲಿ ಏಳುವ ಎರಡನೇ ಶಿಖರವನ್ನೂ ನೋಡಿ. ದೀಪದ ಕಡೆ ನೇರ ನೋಡಿದರೆ ನೀವು ಅಳೆಯುವುದು ಕಣ್ಣಿನ ದಿಕ್ಕನ್ನೂ ಹೌದು. ಬರೀ ಗಮನವೇ ಬೇಕಾದರೆ ನಡುವೆ ಒಂದು ಚುಕ್ಕೆ ಇಟ್ಟು ಕಣ್ಣು ಅಲ್ಲೇ ನಿಲ್ಲಿಸಿ. ಫಿಟ್ಸ್ ಇದ್ದವರನ್ನು ದಯವಿಟ್ಟು ಇದಕ್ಕೆ ಕೂರಿಸಬೇಡಿ.

ಪ್ರಶ್ನೆ (ಸಂತೆಕಟ್ಟೆಯ ತಾಯಿ): ಹಾಗಾದ್ರೆ ಮಗನ ವಿಷಯಕ್ಕೆ ನಾನು ಎಂತ ಮಾಡುವುದು?

ಉತ್ತರ: ಒಂದು ನೋಡಿಕೊಳ್ಳಿ ಅಕ್ಕ. ಆಟದ ನಡುವೆಯೂ, ಊಟದ ನಡುವೆಯೂ ಕೆಲವು ಸೆಕೆಂಡ್ ದಿಟ್ಟಿಸಿ ನಿಂತುಬಿಡ್ತಾನಾ? ಮುಟ್ಟಿ ಕರೆದರೂ ಅರಿವಿಲ್ಲದ ಹಾಗೆ ಇದ್ದು, ಆಮೇಲೆ ಬಿಟ್ಟಲ್ಲಿಂದಲೇ ಶುರು ಮಾಡ್ತಾನಾ? ಹಾಗಿದ್ದರೆ ಅದು ಮನಸ್ಸು ಹಾರಿದ್ದಲ್ಲದೆ ಒಂದು ಬಗೆಯ ಫಿಟ್ಸ್ ಇರಬಹುದು. ಅಂಥದ್ದು ಹಿಡಿಯಲಿಕ್ಕೇ ನಾವು ಮಕ್ಕಳಿಗೆ ಮೂರು ನಿಮಿಷ ಜೋರಾಗಿ ಉಸಿರಾಡಿಸುವುದು, ಆ ಫಿಟ್ಸ್ ಇದ್ದರೆ ಸೆಕೆಂಡಿಗೆ ಸುಮಾರು 3ರ ಲಯದಲ್ಲಿ ಚೂಪು ಅಲೆ ಏಳ್ತದೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಮ್ಮ ಡಾಕ್ಟ್ರಿಗೆ ತೋರಿಸಿ, ರಿಪೋರ್ಟ್ ನಾರ್ಮಲ್ ಬಂದಿದ್ದರೂ ತೋರಿಸಿ.

ಹಾಗೆ ಇಲ್ಲ, ಓದುವಾಗ ಮಾತ್ರ ಅಂತಾದರೆ ಟೀಚರ್ ಏನು ಹೇಳ್ತಾರೆ ಅಂತ ಬರೆದುಕೊಂಡು ಮಕ್ಕಳ ಡಾಕ್ಟ್ರ ಹತ್ತಿರ ಹೋಗಿ. ಗಮನದ ತೊಂದರೆಯನ್ನು ಮನೆ, ಶಾಲೆ ಎರಡೂ ಕಡೆಯ ನಡವಳಿಕೆ ವಿಚಾರಿಸಿ ನಿರ್ಧರಿಸ್ತಾರೆ. ಅಂದ ಹಾಗೆ, ಅವನ ಕಣ್ಣು ಟೆಸ್ಟ್ ಮಾಡಿಸಿದ್ದೀರಾ?

ಸಂತೆಕಟ್ಟೆಯ ತಾಯಿ: ಇಲ್ಲ ಅಣ್ಣ. ಬೋರ್ಡ್ ಕಾಣುವುದಿಲ್ಲ ಅಂತ ಒಮ್ಮೆ ಹೇಳಿದ್ದ, ನಾನೇ ಗದರಿಸಿದ್ದೆ. ಶನಿವಾರ ಕರ್ಕೊಂಡು ಹೋಗ್ತೇನೆ.